ಅಪ್ಪನ ಕಾಲಿನ ಕೆಂಪು ಬಾವು ಇಳಿದು ಮತ್ತೆ ಬಂದಿದೆ: ಇದು ಯಾವ ರೋಗ, ಮುಂದೇನು ಮಾಡಬೇಕು?

ಪ್ರಶ್ನೆ: ಘಟಪ್ರಭೆಯ ದಂಡೆ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನಮ್ಮ ಊರು ಮುಧೋಳ ತಾಲ್ಲೂಕಿನಲ್ಲಿ ಘಟಪ್ರಭಾ ನದಿಯ ದಂಡೆಗಿದೆ. ನಾನು ಬಾಗಲಕೋಟೆಯಲ್ಲಿ ಶಿಕ್ಷಕಿಯಾಗಿರುವುದರಿಂದ ವಾರಕ್ಕೊಮ್ಮೆ ಮಾತ್ರ ಊರಿಗೆ ಹೋಗಿಬರುತ್ತೇನೆ. ಅಪ್ಪನಿಗೆ 61 ವರ್ಷ, ಎಂಟು ವರ್ಷಗಳಿಂದ ಶುಗರ್ ಇದೆ. ನಾಲ್ಕು ಎಕರೆ ಕಬ್ಬಿಗೆ ಇಂದಿಗೂ ಅವರೇ ನೀರು ಹಾಯಿಸುತ್ತಾರೆ; ರಾತ್ರಿ ಪಾಳಿಯಲ್ಲಿ ಕರೆಂಟು ಕೊಟ್ಟರೆ ಬೆಳಗಾಗುವವರೆಗೂ ಬರಿಗಾಲಿನಲ್ಲಿ ಕೆಸರಿನಲ್ಲೇ ಇರುತ್ತಾರೆ.

ಹನ್ನೆರಡು ದಿನಗಳ ಹಿಂದೆ ಸಂಜೆ ಅವರಿಗೆ ಇದ್ದಕ್ಕಿದ್ದಂತೆ ಚಳಿ ಹತ್ತಿ, ಎರಡು ಕೌದಿ ಹೊದಿಸಿದರೂ ಮೈ ನಡುಗುವುದು ನಿಲ್ಲಲಿಲ್ಲ. ಮಲೇರಿಯಾ ಇರಬಹುದೆಂದು ಅವ್ವ ಭಾವಿಸಿದ್ದಳು. ಮರುದಿನ ಬೆಳಿಗ್ಗೆ ನೋಡಿದರೆ ಎಡಗಾಲು ಪಾದದಿಂದ ಮೀನಖಂಡದವರೆಗೆ ಕೆಂಪಾಗಿ, ಬಾತು, ಮುಟ್ಟಿದರೆ ಕೈಗೆ ಬಿಸಿ ಹತ್ತುವಂತಿತ್ತು. ಹತ್ತಿರದ ದವಾಖಾನೆಯೊಂದರಲ್ಲಿ ಎರಡು ದಿನ ಎರಡೆರಡು ಸೂಜಿ ಮಾಡಿ, ಮೂರು ದಿನಕ್ಕಾಗುವಷ್ಟು ಗುಳಿಗೆ ಮತ್ತು ಒಂದು ಮುಲಾಮು ಕೊಟ್ಟರು. ಚೀಟಿ ಬರೆದುಕೊಡಲಿಲ್ಲ, ಗುಳಿಗೆಗಳನ್ನು ಬಿಡಿಸಿ ಕಾಗದದಲ್ಲಿ ಕಟ್ಟಿಕೊಟ್ಟಿದ್ದರಿಂದ ಅವು ಯಾವುವೆಂದು ನಮಗೆ ತಿಳಿಯದು. ಜ್ವರ ಇಳಿಯಿತು, ಕೆಂಪೂ ಕಡಿಮೆಯಾಯಿತು, ಐದನೆಯ ದಿನಕ್ಕೇ ಅಪ್ಪ ಮತ್ತೆ ಹೊಲಕ್ಕೆ ಹೋದರು. ಈಗ ಮೂರು ದಿನಗಳಿಂದ ಅದೇ ಕಾಲು ಅದೇ ರೀತಿ ಕೆಂಪಾಗಿದೆ. ಈ ಸಲ ತೊಡೆಸಂದಿಯಲ್ಲಿ ಒಂದು ಗಡ್ಡೆಯೂ ಕೈಗೆ ಸಿಗುತ್ತದೆ. ಕಬ್ಬಿನ ರವದಿ (ಒಣ ಎಲೆ) ತರಚಿದ ಒಂದೆರಡು ಗೆರೆಗಳನ್ನು ಬಿಟ್ಟರೆ ಹೇಳಿಕೊಳ್ಳುವಂಥ ಗಾಯ ಎಲ್ಲಿಯೂ ಕಾಣುವುದಿಲ್ಲ, ಕೀವೂ ಇಲ್ಲ.

ಮನೆಯಲ್ಲಿ ಅರಿಸಿಣ ಮತ್ತು ಎಣ್ಣೆ ಹಚ್ಚುತ್ತಿದ್ದಾರೆ, ಬಿಸಿನೀರಿನ ಶಾಖ ಕೊಡುತ್ತಿದ್ದಾರೆ. ನಂಜು ಏರುತ್ತದೆಂದು ಬದನೆಕಾಯಿ, ಕುಂಬಳಕಾಯಿ ಬಿಡಿಸಿದ್ದಾರೆ. ಓಣಿಯ ಹಿರಿಯರೊಬ್ಬರು ಇದು ಸರ್ಪಸುತ್ತು, ಮಂತ್ರ ಹಾಕಿಸಬೇಕು ಎನ್ನುತ್ತಿದ್ದಾರೆ. ಇದು ನಿಜವಾಗಿ ಏನು, ಒಮ್ಮೆ ಇಳಿದದ್ದು ಮತ್ತೆ ಏಕೆ ಬಂತು, ದೊಡ್ಡ ಆಸ್ಪತ್ರೆಗೆ ಸೇರಿಸಲೇಬೇಕೇ ಎಂಬುದನ್ನು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ. ಅಪ್ಪ ಆಸ್ಪತ್ರೆಯ ಹೆಸರೆತ್ತಿದರೆ ಮಾತು ಬಿಡುತ್ತಾರೆ, ಆದ್ದರಿಂದ ಅವರಿಗೆ ಕಾರಣ ಸಹಿತ ವಿವರಿಸಬೇಕಾಗಿದೆ.

ಉತ್ತರ: ಚರ್ಮವೈದ್ಯ, ಬೆಳಗಾವಿ

ಅಕ್ಕನವರಿಗೆ ನಮಸ್ಕಾರ. ನಾನು ಚರ್ಮರೋಗ ವೈದ್ಯ. ಕಾಲನ್ನು ಕಣ್ಣಾರೆ ನೋಡದೆ ರೋಗವನ್ನು ಖಚಿತವಾಗಿ ಹೇಳಲಾಗದು, ಆದರೂ ನೀವು ಬರೆದಿರುವ ಕ್ರಮ ನೋಡಿದರೆ, ಅಂದರೆ ಮೊದಲು ಚಳಿಜ್ವರ, ಆಮೇಲೆ ಒಂದೇ ಕಾಲಿನಲ್ಲಿ ಕೆಂಪು, ಬಾವು, ಬಿಸಿ, ಅದರ ಜೊತೆಗೆ ತೊಡೆಸಂದಿಯ ಗಡ್ಡೆ, ಇದು ಸೆಲ್ಯುಲೈಟಿಸ್ (ಚರ್ಮದ ಆಳದಲ್ಲಿ ಹರಡುವ ಬ್ಯಾಕ್ಟೀರಿಯಾ ಸೋಂಕು) ಆಗಿರುವ ಸಾಧ್ಯತೆಯೇ ಹೆಚ್ಚು. ಅಪ್ಪನಿಗೆ ಶುಗರ್ ಇರುವುದರಿಂದ ಮತ್ತು ಒಮ್ಮೆ ಅರ್ಧ ಚಿಕಿತ್ಸೆಯಾಗಿ ಮರುಕಳಿಸಿರುವುದರಿಂದ ಮುಂದಿನ ಭಾನುವಾರದವರೆಗೆ ಕಾಯಬೇಡಿ. ನಾಳೆಯೇ ಮುಧೋಳದಲ್ಲಾಗಲಿ ಬಾಗಲಕೋಟೆಯಲ್ಲಾಗಲಿ ಫಿಜಿಶಿಯನ್ ಅಥವಾ ಶಸ್ತ್ರವೈದ್ಯರಿಗೆ ತೋರಿಸಿ.

ಇದರಲ್ಲಿ ಏನಾಗುತ್ತದೆ ಎಂಬುದನ್ನು ಅಪ್ಪನಿಗೆ ಹೀಗೆ ಹೇಳಬಹುದು. ಚರ್ಮಕ್ಕೆ ತೆಳುವಾದ ಹೊರಪದರ, ಅದರ ಕೆಳಗೆ ದಪ್ಪನೆಯ ಒಳಪದರ, ಅದಕ್ಕೂ ಕೆಳಗೆ ಕೊಬ್ಬಿನ ಪದರ ಇರುತ್ತವೆ. ಬ್ಯಾಕ್ಟೀರಿಯಾ ಹೊರಪದರದಲ್ಲೇ ಉಳಿದರೆ ಮಕ್ಕಳ ಮುಖದ ಮೇಲೆ ಕಾಣುವ ಹಕ್ಕಳೆ ಹುಣ್ಣಾಗುತ್ತದೆ, ಕೂದಲ ಬುಡಕ್ಕೆ ಇಳಿದರೆ ಕುರುವಾಗುತ್ತದೆ. ಒಳಪದರ ಮತ್ತು ಕೊಬ್ಬಿನಲ್ಲಿ ಹರಡಿದಾಗ ಮಾತ್ರ ಅದನ್ನು ಸೆಲ್ಯುಲೈಟಿಸ್ ಎನ್ನುತ್ತೇವೆ. ಹೆಚ್ಚಿನ ಸಂದರ್ಭಗಳಲ್ಲಿ ಇದಕ್ಕೆ ಕಾರಣ ಎರಡು ಬ್ಯಾಕ್ಟೀರಿಯಾಗಳು. ಸೂಕ್ಷ್ಮದರ್ಶಕದಲ್ಲಿ ಸರದ ಮಣಿಗಳಂತೆ ಸಾಲಾಗಿ ಕಾಣುವುದು ಸ್ಟ್ರೆಪ್ಟೊಕಾಕಸ್, ಗೊಂಚಲಾಗಿ ಕಾಣುವುದು ಸ್ಟಾಫೈಲೊಕಾಕಸ್. ಮೊದಲನೆಯದು ಅಂಗಾಂಶವನ್ನು ಸಡಿಲಗೊಳಿಸುವ ಕಿಣ್ವಗಳನ್ನು ಸುರಿಸಿ, ಬದು ಒಡೆದ ಹೊಲದಲ್ಲಿ ನೀರು ಹರಿದಂತೆ ಚರ್ಮದೊಳಗೆ ಸರಸರನೆ ಹರಡುತ್ತದೆ. ಎರಡನೆಯದು ಸಾಮಾನ್ಯವಾಗಿ ಒಂದೇ ಕಡೆ ಗೂಡು ಕಟ್ಟಿ ಕೀವು ಮಾಡುತ್ತದೆ. ಆದ್ದರಿಂದಲೇ ಕೀವಿಲ್ಲದ, ಹರಡುವ ಕೆಂಪು ಬಾವಿನಲ್ಲಿ ನಮ್ಮ ಅನುಮಾನ ಮೊದಲು ಸ್ಟ್ರೆಪ್ಟೊಕಾಕಸ್ ಮೇಲೆ ಹೋಗುತ್ತದೆ. ತೊಡೆಸಂದಿಯ ಗಡ್ಡೆ ಬೇರೆ ರೋಗವಲ್ಲ, ಕಾಲಿನಿಂದ ಬರುವ ದುಗ್ಧರಸ (ಲಿಂಫ್) ಎಂಬ ದ್ರವವನ್ನು ಸೋಸುವ ಗ್ರಂಥಿ ಸೋಂಕಿನೊಡನೆ ಹೋರಾಡುತ್ತ ಊದಿಕೊಂಡಿರುವುದು ಅಷ್ಟೇ.

ಇದು ಸರ್ಪಸುತ್ತಲ್ಲ. ಸರ್ಪಸುತ್ತು ಸಣ್ಣ ನೀರಗುಳ್ಳೆಗಳ ಗೊಂಚಲಾಗಿ ಮೈಯ ಒಂದೇ ಮಗ್ಗುಲಿನಲ್ಲಿ ಪಟ್ಟಿಯಂತೆ ಏಳುತ್ತದೆ. ಅದು ಚಿಕನ್‌ಪಾಕ್ಸ್ ವೈರಸ್ಸಿನಿಂದ ಬರುವಂಥದ್ದು, ಅದಕ್ಕೆ ಔಷಧಿಯೇ ಬೇರೆ. ಕಾಲಿನ ಒಳರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೂ ಒಂದೇ ಕಾಲು ಬಾಯುವುದುಂಟು, ಆದ್ದರಿಂದ ವೈದ್ಯರು ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿ ಎಂದರೆ ಅದು ಅನವಶ್ಯಕ ಖರ್ಚೆಂದು ತಿಳಿಯಬೇಡಿ. ಎರಡೂ ಕಾಲುಗಳು ಒಟ್ಟಿಗೇ ಕೆಂಪಾಗಿ ಬಾತಿದ್ದರೆ ನಾನು ಸೆಲ್ಯುಲೈಟಿಸ್ ಎನ್ನಲು ಹಿಂಜರಿಯುತ್ತಿದ್ದೆ, ಏಕೆಂದರೆ ಅದು ಬಹುತೇಕ ರಕ್ತನಾಳದ ಅಥವಾ ಹೃದಯ, ಮೂತ್ರಪಿಂಡಗಳ ತೊಂದರೆಯಾಗಿರುತ್ತದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಮತ್ತೆ ಏಕೆ ಬಂತು ಎಂಬುದು. ಇಂದು ರಾತ್ರಿಯೇ ಅಪ್ಪನ ಎಡಗಾಲನ್ನು ಬೆಳಕಿಗೆ ಹಿಡಿದು ಬೆರಳುಗಳನ್ನು ಒಂದೊಂದಾಗಿ ಅಗಲಿಸಿ ನೋಡಿ, ಅದರಲ್ಲೂ ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ಸಂದಿಯನ್ನು ನೋಡಿ. ಅಲ್ಲಿಯ ಚರ್ಮ ನೆನೆಸಿಟ್ಟ ಅವರೆಕಾಳಿನ ಸಿಪ್ಪೆಯಂತೆ ಬೆಳ್ಳಗೆ ಉಬ್ಬಿ, ಎಳೆದರೆ ಸುಲಿದುಬರುವಂತಿದ್ದು, ಕೆಳಗೆ ಕೆಂಪು ಬಿರುಕು ಕಂಡರೆ ರೋಗ ಒಳಹೊಕ್ಕ ಬಾಗಿಲು ಅದೇ. ನೀರು ಹಾಯಿಸುವವರಲ್ಲಿ ಈ ಕೆಸರುಹುಣ್ಣು ಅತಿ ಸಾಮಾನ್ಯ. ಇದು ಬೂಷ್ಟು ಜಾತಿಯ ಶಿಲೀಂಧ್ರದ ಸೋಂಕು. ತಾನಾಗಿ ದೊಡ್ಡ ಅಪಾಯ ಮಾಡದು, ಆದರೆ ಅದು ಮಾಡಿದ ಬಿರುಕಿನಿಂದ ಬ್ಯಾಕ್ಟೀರಿಯಾ ಒಳಗೆ ಇಳಿಯುತ್ತದೆ. ಕಾಲಿನ ಬಾವಿಗೆ ಔಷಧಿ ಕೊಟ್ಟು ಬೆರಳಸಂದಿಯನ್ನು ನೋಡದೆ ಬಿಟ್ಟರೆ, ಕಳ್ಳನನ್ನು ಓಡಿಸಿ ಕದ ತೆರೆದಿಟ್ಟು ಮಲಗಿದಂತೆ. ವರ್ಷಗಳಿಂದ ಈ ರೋಗಿಗಳನ್ನು ನೋಡುತ್ತಿರುವ ನನಗೆ ಅನಿಸುವುದು, ಮೊಣಕಾಲಿನ ಕೆಳಗಿನ ಸೆಲ್ಯುಲೈಟಿಸ್‌ನಲ್ಲಿ ನಾವು ವೈದ್ಯರೇ ಹೆಚ್ಚಾಗಿ ಮರೆಯುವ ಜಾಗ ಇದು.

ಮೂರು ದಿನದ ಗುಳಿಗೆಯೂ ಇನ್ನೊಂದು ಕಾರಣವಿರಬಹುದು. ತೊಡಕಿಲ್ಲದ ಸೆಲ್ಯುಲೈಟಿಸ್‌ಗೆ ಸರಿಯಾದ ಆಂಟಿಬಯೋಟಿಕ್ ಕನಿಷ್ಠ 5 ದಿನ ಬೇಕು, ಅಷ್ಟರಲ್ಲಿ ಸಾಕಷ್ಟು ಇಳಿಯದಿದ್ದರೆ ಇನ್ನೂ ಮುಂದುವರಿಸಬೇಕು. ಶುಗರ್ ಇದ್ದವರಲ್ಲಿ ಅವಧಿ ಅನೇಕ ವೇಳೆ ಹೆಚ್ಚಾಗುತ್ತದೆ. ಸೆಫಲೆಕ್ಸಿನ್, ಕ್ಲಾಕ್ಸಾಸಿಲಿನ್, ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನಿಕ್ ಆಮ್ಲದ ಜೋಡಿ, ಇವು ಸಾಮಾನ್ಯವಾಗಿ ಬಳಕೆಯಲ್ಲಿರುವಂಥವು. ಪೆನಿಸಿಲಿನ್ ಒಗ್ಗದವರಿಗೆ ಕ್ಲಿಂಡಮೈಸಿನ್ ಇದೆ. ಜ್ವರ ಹೆಚ್ಚಿದ್ದರೆ, ವಾಂತಿಯಾಗುತ್ತಿದ್ದರೆ, ಗುಳಿಗೆಗೆ ಬಗ್ಗದಿದ್ದರೆ ಸೆಫಜೋಲಿನ್ ಅಥವಾ ಸೆಫ್ಟ್ರಿಯಾಕ್ಸೋನ್‌ನಂಥ ಔಷಧಿಯನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಯಾವುದು, ಎಷ್ಟು ಎಂಬುದನ್ನು ಮೂತ್ರಪಿಂಡದ ಸ್ಥಿತಿ ನೋಡಿ ವೈದ್ಯರೇ ನಿರ್ಧರಿಸಬೇಕು. ಈ ಹೆಸರುಗಳನ್ನು ಹಿಡಿದು ಅಂಗಡಿಗೆ ಹೋಗಬೇಡಿ. ಮೊದಲು ಮಾಡಿದ ಸೂಜಿ ಯಾವುದೆಂದು ಆ ದವಾಖಾನೆಗೆ ಹೋಗಿ ಬರೆಸಿಕೊಂಡು ಬನ್ನಿ. ನೋವಿನ ಸೂಜಿಯೋ ಸ್ಟಿರಾಯ್ಡೋ ಆಗಿದ್ದರೆ ಜ್ವರ ಮತ್ತು ಕೆಂಪು ತಾತ್ಕಾಲಿಕವಾಗಿ ಅಡಗುತ್ತವೆ, ರೋಗ ಮಾತ್ರ ಅಲ್ಲಿಯೇ ಇರುತ್ತದೆ. ಸ್ಟಿರಾಯ್ಡಿನಿಂದ ಶುಗರ್ ಬೇರೆ ಏರುತ್ತದೆ.

ಮನೆಯಲ್ಲಿ ಮಾಡಬೇಕಾದ ದೊಡ್ಡ ಚಿಕಿತ್ಸೆ ಎಂದರೆ ಕಾಲನ್ನು ಎತ್ತರದಲ್ಲಿಡುವುದು. ಮಂಚದ ಮೇಲೆ ಮಲಗಿ, ಹಿಮ್ಮಡಿ ಎದೆಯ ಮಟ್ಟಕ್ಕಿಂತ ಮೇಲೆ ಬರುವಂತೆ ಎರಡು ದಿಂಬು ಅಥವಾ ಮಡಚಿದ ಕೌದಿ ಇಡಬೇಕು. ಕುರ್ಚಿಯಲ್ಲಿ ಕುಳಿತು ಕಾಲನ್ನು ಸ್ಟೂಲಿನ ಮೇಲೆ ಚಾಚಿದರೆ ಸಾಲದು. ಬಾವು ಇಳಿದಷ್ಟೂ ಔಷಧಿ ಆ ಜಾಗಕ್ಕೆ ಚೆನ್ನಾಗಿ ತಲುಪುತ್ತದೆ. ಬಿಸಿನೀರಿನ ಶಾಖವನ್ನು ಇಂದೇ ನಿಲ್ಲಿಸಿ, ಏಕೆಂದರೆ ಶುಗರ್ ಇರುವವರ ಪಾದಕ್ಕೆ ಸ್ಪರ್ಶಜ್ಞಾನ ಕಡಿಮೆಯಾಗಿರಬಹುದು, ಸುಟ್ಟು ಬೊಬ್ಬೆ ಬಂದರೂ ಅವರಿಗೆ ತಿಳಿಯದೆ ಹೋಗುತ್ತದೆ. ಅರಿಸಿಣ ಮತ್ತು ಎಣ್ಣೆ ಚರ್ಮದ ಒಳಪದರವನ್ನು ಮುಟ್ಟುವುದಿಲ್ಲ, ಮೇಲಾಗಿ ಹಳದಿ ಬಣ್ಣದಡಿ ಕೆಂಪು ಎಷ್ಟು ಹರಡಿದೆ ಎಂಬುದೇ ಕಾಣುವುದಿಲ್ಲ. ಬದನೆಕಾಯಿಗೂ ಈ ಸೋಂಕಿಗೂ ಸಂಬಂಧವಿಲ್ಲ. ರೊಟ್ಟಿ, ಬೇಳೆ, ಸೊಪ್ಪು, ಮೊಟ್ಟೆ ಎಲ್ಲವನ್ನೂ ಶುಗರ್‌ನ ಲೆಕ್ಕದಲ್ಲಿ ತಿನ್ನಲಿ. ಗಾಯ ಮಾಯಲು ಪ್ರೋಟೀನ್ ಬೇಕು. ನೋವಿಗೆ ಪ್ಯಾರಾಸಿಟಮಾಲ್ ಸಾಕು.

ಈ ಕೆಳಗಿನ ಯಾವುದೇ ಒಂದು ಕಂಡರೂ ನಾಳೆಯವರೆಗೂ ಕಾಯದೆ ರಾತ್ರಿಯಾದರೂ 108ಕ್ಕೆ ಕರೆ ಮಾಡಿ ಹೊರಡಿ: ನೋಡಲು ಇರುವ ಕೆಂಪಿಗೂ ಅನುಭವಿಸುವ ನೋವಿಗೂ ತಾಳೆಯೇ ಇಲ್ಲವೆನ್ನುವಷ್ಟು ಘೋರ ನೋವು, ಚರ್ಮ ನೇರಳೆ ಅಥವಾ ಕಪ್ಪಾಗುವುದು, ರಕ್ತ ತುಂಬಿದ ಬೊಬ್ಬೆ, ಒತ್ತಿದಾಗ ಚುರುಮುರಿ ಹಿಚುಕಿದಂಥ ಸದ್ದು, ಗಂಟೆಗಂಟೆಗೆ ಮೇಲೇರುವ ಕೆಂಪು, ಮಂಪರು, ಏದುಸಿರು, ಮೂತ್ರ ಕಡಿಮೆಯಾಗುವುದು. ಸೋಂಕು ಸ್ನಾಯುವಿನ ಮೇಲಿನ ಹೊದಿಕೆಗೆ ಇಳಿದು ಮಾಂಸವನ್ನು ಕೊಳೆಸುತ್ತಿರುವ ಅಥವಾ ರಕ್ತಕ್ಕೆ ಸೇರಿರುವ ಲಕ್ಷಣಗಳಿವು. ಮಾಂಸ ಕೊಳೆಯುತ್ತಿದ್ದರೆ ತಕ್ಷಣದ ಶಸ್ತ್ರಚಿಕಿತ್ಸೆಯೇ ಕಾಲನ್ನೂ ಜೀವವನ್ನೂ ಉಳಿಸುವಂಥದ್ದು.

ಉತ್ತರ: ದ್ರಾಕ್ಷಿ ತೋಟ, ತಿಕೋಟಾ

ಡಾಕ್ಟರ್ ಸಾಹೇಬರು ಬೆರಳಸಂದಿಯ ಬಗ್ಗೆ ಬರೆದದ್ದನ್ನು ಓದಿ ನಾನೂ ಬರೆಯಲೇಬೇಕೆನಿಸಿತು. ನಮ್ಮವ್ವನಿಗೆ ಎರಡು ವರ್ಷಗಳಲ್ಲಿ ಮೂರು ಸಲ ಬಲಗಾಲಿಗೆ ಇದೇ ಬಂದಿತ್ತು. ಮೊದಲೆರಡು ಸಲ ಬಾವು ಇಳಿದೊಡನೆ ನಾವು ಸುಮ್ಮನಾದೆವು. ಮೂರನೆಯ ಸಲ, ಅಕ್ಟೋಬರ್ ಚಾಟ್ನಿ (ದ್ರಾಕ್ಷಿ ಬಳ್ಳಿ ಸವರುವ ಕೆಲಸ) ನಡೆದು ತೋಟದಲ್ಲಿ ಒಂದು ಕ್ಷಣ ಬಿಡುವಿಲ್ಲದ ಹೊತ್ತಿನಲ್ಲಿ, ಅವಳನ್ನು ವಿಜಯಪುರದಲ್ಲಿ ಆರು ದಿನ ಆಸ್ಪತ್ರೆಗೆ ಸೇರಿಸಬೇಕಾಯಿತು.

ಅಕ್ಕಾ, ಆಗ ಅಲ್ಲಿಯ ನರ್ಸ್ ಒಬ್ಬರು ಮಾಡಿದ ಒಂದು ಕೆಲಸ ನಿಮಗೂ ಉಪಯೋಗವಾದೀತು. ಅವರು ಬಾಲ್‌ಪೆನ್ನು ತೆಗೆದುಕೊಂಡು ಅವ್ವನ ಕಾಲಿನ ಮೇಲೆ ಕೆಂಪು ಎಲ್ಲಿ ಮುಗಿಯುತ್ತದೆಯೋ ಅಲ್ಲಿ ಸುತ್ತಲೂ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಮತ್ತು ವೇಳೆ ಬರೆದರು. ಮರುದಿನ ಬೆಳಿಗ್ಗೆ ಕೆಂಪು ಗೆರೆಯನ್ನು ದಾಟಿ ಒಂದು ಬೆರಳಿನಷ್ಟು ಹೊರಗೆ ಬಂದಿತ್ತು, ನಾವು ಹೆದರಿದೆವು. ಆದರೆ ಜ್ವರ ಇಳಿದಿತ್ತು, ಮೊದಲ ದಿನ ಹೀಗಾಗುವುದುಂಟು ಎಂದು ಅವರು ಧೈರ್ಯ ಹೇಳಿದರು. ಮೂರನೆಯ ದಿನದಿಂದ ಕೆಂಪು ಗೆರೆಯ ಒಳಗೆ ಸರಿಯತೊಡಗಿತು, ಆಮೇಲೆ ಚರ್ಮ ಸಣ್ಣಗೆ ಸುಕ್ಕುಗಟ್ಟಿ ಈರುಳ್ಳಿ ಸಿಪ್ಪೆಯಂತೆ ಎದ್ದುಬಂತು. ಆ ಗೆರೆಯಿಂದಾಗಿ, ಕಡಿಮೆಯಾಗಿದೆಯೋ ಇಲ್ಲವೋ ಎಂದು ಮನೆಯವರೆಲ್ಲ ತಮಗೆ ತೋಚಿದಂತೆ ವಾದಿಸುವುದು ತಪ್ಪಿತು. ದೂರದ ಊರಿನಲ್ಲಿರುವ ನಿಮಗೆ ಗೆರೆ ಸಹಿತ ಫೋಟೊ ಕಳಿಸಿದರೂ ಪರಿಸ್ಥಿತಿ ತಿಳಿಯುತ್ತದೆ.

ಬಿಡುಗಡೆಯಾದ ಮೇಲೆ ಅವ್ವನಿಗೆ ಮೂರು ವಾರಕ್ಕೊಂದರಂತೆ ಪೆನಿಸಿಲಿನ್ ಸೂಜಿ ಹಾಕಿಸುತ್ತಿದ್ದೇವೆ. ಇಷ್ಟು ದಿನ ಹಾಕಿಸುವುದರಿಂದ ಮುಂದೆ ಔಷಧಿಯೇ ಹತ್ತದಂತಾಗುವುದೇ ಎಂಬ ಅಂಜಿಕೆ ನನಗಿದೆ. ಡಾಕ್ಟರು ದಯವಿಟ್ಟು ಹೇಳಬೇಕು.

ಉತ್ತರ: ಔಷಧಿ ಅಂಗಡಿ, ವಿಜಯಪುರ

ಅಂಗಡಿಯ ಈ ಬದಿಯಲ್ಲಿ ನಿಂತು ಹತ್ತೊಂಬತ್ತು ವರ್ಷಗಳಿಂದ ನೋಡುತ್ತಿರುವ ಒಂದು ಸಂಗತಿಯನ್ನು ಹೇಳುತ್ತೇನೆ. ಅಕ್ಕನವರು ಹೇಳಿದ ಮುಲಾಮು ಯಾವುದೆಂದು ಟ್ಯೂಬಿನ ಹಿಂಭಾಗದಲ್ಲಿ ಓದಿ ನೋಡಿ. ನಮ್ಮಲ್ಲಿ ತುರಿಕೆ, ಹುಳುಕಡ್ಡಿ, ಗಾಯ, ಕುರು ಎಲ್ಲದಕ್ಕೂ ಜನ ಕೇಳುವುದು ಮೂರು ನಾಲ್ಕು ಔಷಧಿ ಕಲೆಸಿದ ಅಗ್ಗದ ಟ್ಯೂಬುಗಳನ್ನು. ಅದರಲ್ಲಿ ಒಂದು ಶಿಲೀಂಧ್ರಕ್ಕೆ, ಒಂದು ಬ್ಯಾಕ್ಟೀರಿಯಾಕ್ಕೆ, ಅದರೊಂದಿಗೆ ಕ್ಲೋಬೆಟಾಸಾಲ್ ಅಥವಾ ಬೀಟಾಮೆಥಾಸೋನ್ ಎಂಬ ಸ್ಟಿರಾಯ್ಡ್ ಇರುತ್ತದೆ. ಹಚ್ಚಿದ ದಿನವೇ ತುರಿಕೆ ಮತ್ತು ಕೆಂಪು ಮಾಯವಾಗುವುದು ಈ ಸ್ಟಿರಾಯ್ಡಿನಿಂದ, ಆದ್ದರಿಂದಲೇ ಜನ ಅದನ್ನು ಮೆಚ್ಚುತ್ತಾರೆ. ಆದರೆ ಅದು ಆ ಜಾಗದ ರೋಗನಿರೋಧಕ ಶಕ್ತಿಯನ್ನೇ ಮಲಗಿಸುವುದರಿಂದ ಬೆರಳಸಂದಿಯ ಶಿಲೀಂಧ್ರ ಒಳಗೊಳಗೇ ಬೆಳೆಯುತ್ತದೆ, ಚರ್ಮ ತೆಳುವಾಗಿ ಬಿರಿಯುತ್ತದೆ. ಸ್ಟಿರಾಯ್ಡ್ ಇರುವ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲಿ ಸರ್ಕಾರ ನಿಯಮವನ್ನು ಬಿಗಿಗೊಳಿಸಿದೆ. ಆ ನಿಯಮ ಕೌಂಟರಿನಲ್ಲಿ ಎಷ್ಟು ಪಾಲನೆಯಾಗುತ್ತದೆ ಎಂಬುದು ನಮ್ಮ ವೃತ್ತಿಯವರೆಲ್ಲ ನೊಂದುಕೊಳ್ಳಬೇಕಾದ ವಿಷಯ.

ಗುಳಿಗೆಯನ್ನು ಪಟ್ಟಿಯಿಂದ (ಸ್ಟ್ರಿಪ್) ಬಿಡಿಸಿ ಕಾಗದದಲ್ಲಿ ಕಟ್ಟಿಕೊಟ್ಟರೆ ಸ್ವೀಕರಿಸಬೇಡಿ. ಪಟ್ಟಿಯ ಬೆನ್ನಿನ ಮೇಲೆ ಉದ್ದಕ್ಕೂ ಒಂದು ಕೆಂಪು ಗೆರೆ ಇದ್ದರೆ ಅದು ಚೀಟಿಯಿಲ್ಲದೆ ನುಂಗಬಾರದ ಔಷಧಿ. ಆಂಟಿಬಯೋಟಿಕ್‌ಗಳ ಪಟ್ಟಿಯ ಮೇಲೆ ಆ ಗೆರೆ ಇರುತ್ತದೆ. ಹೆಸರು, ಮಿಲಿಗ್ರಾಂ, ಮುಗಿಯುವ ದಿನಾಂಕ ಎಲ್ಲವೂ ಪಟ್ಟಿಯ ಮೇಲೆಯೇ ಇರುವುದರಿಂದ ಮುಂದಿನ ವೈದ್ಯರಿಗೆ ಅದೊಂದೇ ದಾಖಲೆ. ಆರಾಮಾಯಿತೆಂದು ಉಳಿಸಿದ ನಾಲ್ಕು ಗುಳಿಗೆಗಳನ್ನು ಡಬ್ಬಿಯಲ್ಲಿಟ್ಟು, ಮುಂದೆ ಮನೆಯ ಇನ್ನೊಬ್ಬರಿಗೆ ಕುರುವಾದಾಗ ಕೊಡುವ ರೂಢಿಯನ್ನೂ ದಯವಿಟ್ಟು ಬಿಡಿ.

ಉತ್ತರ: ಚರ್ಮವೈದ್ಯ, ಬೆಳಗಾವಿ

ತಿಕೋಟಾದ ಗೆಳೆಯರಿಗೆ: ನಿಮ್ಮ ಅಂಜಿಕೆ ಸಹಜ, ಆದರೆ ಸೂಜಿ ನಿಲ್ಲಿಸಬೇಡಿ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಕಾಲಿಗೆ ಪದೇ ಪದೇ ಸೆಲ್ಯುಲೈಟಿಸ್ ಬರುತ್ತಿದ್ದ 274 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಒಂದು ಪ್ರಯೋಗವಿದೆ. ಅದರಲ್ಲಿ ಒಂದು ವರ್ಷ ಕಡಿಮೆ ಪ್ರಮಾಣದ ಪೆನಿಸಿಲಿನ್ ಗುಳಿಗೆ ತೆಗೆದುಕೊಂಡವರಲ್ಲಿ ನೂರಕ್ಕೆ 22 ಜನರಿಗೆ ಮಾತ್ರ ಮರುಕಳಿಸಿತು, ಔಷಧಿಯೇ ಇಲ್ಲದ ಬರಿಗುಳಿಗೆ ತೆಗೆದುಕೊಂಡವರಲ್ಲಿ ಅದು ನೂರಕ್ಕೆ 37 ಆಗಿತ್ತು. ಔಷಧಿ ನಿಲ್ಲಿಸಿದ ಮೇಲೆ ಆ ರಕ್ಷಣೆ ಉಳಿಯಲಿಲ್ಲ ಎಂಬುದೂ ಅದರಲ್ಲೇ ಕಂಡುಬಂತು. ಗುಳಿಗೆಯನ್ನು ದಿನವೂ ನೆನಪಿಟ್ಟು ನುಂಗುವುದು ಕಷ್ಟವಾದವರಿಗೆ ನಾವು ನಿಧಾನವಾಗಿ ಕರಗುವ ಬೆಂಜಾಥೀನ್ ಪೆನಿಸಿಲಿನ್ ಸೂಜಿಯನ್ನು ಕೊಡುತ್ತೇವೆ. ಸೆಲ್ಯುಲೈಟಿಸ್ ತರುವ ಗುಂಪಿನ ಸ್ಟ್ರೆಪ್ಟೊಕಾಕಸ್ ಮಾತ್ರ ಇಷ್ಟು ದಶಕಗಳಾದರೂ ಪೆನಿಸಿಲಿನ್‌ಗೆ ಬಗ್ಗುತ್ತಲೇ ಬಂದಿದೆ. ಔಷಧಿಗೆ ಬಗ್ಗದೆ ಮೊಂಡು ಬಿದ್ದಿರುವುದು ಇನ್ನೊಂದು ಬ್ಯಾಕ್ಟೀರಿಯಾ. ಅದರ ಹೆಸರು ನಿಮ್ಮ ತೋಟಕ್ಕೆ ಹತ್ತಿರದ್ದು: 1880ರ ದಶಕದಲ್ಲಿ ಅಲೆಕ್ಸಾಂಡರ್ ಆಗ್‌ಸ್ಟನ್ ಎಂಬ ಸ್ಕಾಟ್ಲೆಂಡಿನ ಶಸ್ತ್ರವೈದ್ಯರು ಕುರುವಿನ ಕೀವಿನಲ್ಲಿ ಅದನ್ನು ಕಂಡು, ಗೊಂಚಲಿನ ಆಕಾರ ನೋಡಿ, ದ್ರಾಕ್ಷಿ ಗೊಂಚಲು ಎಂಬ ಅರ್ಥದ ಗ್ರೀಕ್ ಪದದಿಂದ ಸ್ಟಾಫೈಲೊಕಾಕಸ್ ಎಂದು ಕರೆದರು. ಅದರಲ್ಲಿ ಮೆಥಿಸಿಲಿನ್ ಎಂಬ ಆಂಟಿಬಯೋಟಿಕ್‌ಗೂ ಬಗ್ಗದ ತಳಿ 1961ರಲ್ಲಿಯೇ ಬ್ರಿಟನ್ನಿನಲ್ಲಿ ವರದಿಯಾಯಿತು, ಈಗ ನಮ್ಮ ಆಸ್ಪತ್ರೆಗಳಲ್ಲಿಯೂ ಕಾಣುತ್ತದೆ. ಆದ್ದರಿಂದ ಕೀವು ಬಂದಾಗ ಅದನ್ನು ಹಿಸುಕಿ ಚೆಲ್ಲದೆ, ಯಾವ ಬ್ಯಾಕ್ಟೀರಿಯಾ ಎಂದು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಕಳಿಸಬೇಕು. ಕೀವು ಕಟ್ಟಿದ ಕುರುವಿಗೆ ಗುಳಿಗೆಗಿಂತ ಮುಖ್ಯವಾದದ್ದು ಶುದ್ಧ ಉಪಕರಣದಿಂದ ಕೊಯ್ದು ಕೀವು ಹೊರತೆಗೆಯುವುದು.

ನಿಮ್ಮ ತಾಯಿಯವರ ಕಾಲು ಸೋಂಕಿಲ್ಲದ ದಿನಗಳಲ್ಲಿಯೂ ಬಾತಿರುತ್ತದೆಯೇ ಎಂದು ನೋಡಿ. ಪ್ರತಿ ಸಲ ಸೋಂಕಾದಾಗಲೂ ದುಗ್ಧನಾಳಗಳು ಸ್ವಲ್ಪ ಸ್ವಲ್ಪ ಹಾಳಾಗುತ್ತವೆ, ನೀರು ನಿಲ್ಲುತ್ತದೆ, ನಿಂತ ನೀರಿನಲ್ಲಿ ಸೋಂಕು ಮತ್ತೆ ಸುಲಭವಾಗಿ ಬೇರೂರುತ್ತದೆ. ಹಾಗಿದ್ದರೆ ರಕ್ತ ಸಂಚಾರ ಪರೀಕ್ಷಿಸಿದ ಮೇಲೆ ಅಳತೆಯ ಬಿಗಿ ಕಾಲುಚೀಲ ಹಾಕಿಸಬೇಕಾಗುತ್ತದೆ.

ಮುಂದುವರಿದ ಮಾಹಿತಿ: ಘಟಪ್ರಭೆಯ ದಂಡೆ, ಬಾಗಲಕೋಟೆ

ನಿಮ್ಮೆಲ್ಲರಿಗೂ ನಾನು ಋಣಿ. ಅಂದು ರಾತ್ರಿಯೇ ತಮ್ಮನಿಗೆ ಫೋನು ಮಾಡಿ ಬೆರಳಸಂದಿ ನೋಡಲು ಹೇಳಿದೆ. ಎಡಗಾಲಿನ ಕೊನೆಯ ಎರಡು ಸಂದಿಗಳಲ್ಲಿ ಡಾಕ್ಟರು ವರ್ಣಿಸಿದ ಹಾಗೆಯೇ ಬೆಳ್ಳಗೆ ನೆನೆದ ಚರ್ಮ, ಅದರ ಕೆಳಗೆ ಬಿರುಕು ಇತ್ತು. ಅಪ್ಪನಿಗೆ ಅದು ಎಷ್ಟೋ ವರ್ಷಗಳಿಂದ ಇದೆಯಂತೆ. ಹೊಲದವರ ಕಾಲು ಇರುವುದೇ ಹಾಗೆ ಎಂದುಕೊಂಡು ಯಾರಿಗೂ ಹೇಳಿರಲಿಲ್ಲ. ಮುಲಾಮಿನ ಟ್ಯೂಬಿನ ಮೇಲೆ ಕ್ಲೋಬೆಟಾಸಾಲ್ ಎಂದೇ ಬರೆದಿತ್ತು, ಅವರು ಅದನ್ನು ಸಂದಿಗೂ ಹಚ್ಚಿಕೊಳ್ಳುತ್ತಿದ್ದರು.

ಬಾಗಲಕೋಟೆಯಲ್ಲಿ ತೋರಿಸಿದೆವು. ಶುಗರ್ ಊಟಕ್ಕೆ ಮೊದಲೇ 248 ಇತ್ತು. ನಾಲ್ಕು ದಿನ ಸೇರಿಸಿಕೊಂಡು ರಕ್ತನಾಳದಲ್ಲಿ ಔಷಧಿ ಕೊಟ್ಟರು, ಇನ್ಸುಲಿನ್ ಆರಂಭಿಸಿದರು, ಈಗ ಇನ್ನು ಆರು ದಿನಕ್ಕೆ ಗುಳಿಗೆ ಬರೆದಿದ್ದಾರೆ. ಪೆನ್ನಿನ ಗೆರೆಯನ್ನು ನಾನೇ ಎಳೆದೆ. ಆಸ್ಪತ್ರೆಗೆ ಬರಲು ಒಪ್ಪದಿದ್ದ ಅಪ್ಪ ಬೆಳಿಗ್ಗೆ ಎದ್ದೊಡನೆ ಮೊದಲು ಆ ಗೆರೆಯನ್ನು ನೋಡಿಕೊಳ್ಳುತ್ತಿದ್ದರು, ಕೆಂಪು ಒಳಗೆ ಸರಿದ ದಿನ ನರ್ಸಮ್ಮನನ್ನು ಕರೆದು ತೋರಿಸಿದರು.

ಇನ್ನೆರಡು ಪ್ರಶ್ನೆಗಳಿವೆ. ತಮ್ಮನ ಮಗನಿಗೆ ನಾಲ್ಕು ವರ್ಷ. ಅವನ ಮೂಗಿನ ಕೆಳಗೆ ಮತ್ತು ಗಲ್ಲದ ಮೇಲೆ ಒಂದು ವಾರದಿಂದ ಜೇನುತುಪ್ಪ ಒಣಗಿದಂಥ ಹಕ್ಕಳೆಗಳಾಗಿವೆ. ಅವನು ಅಜ್ಜನ ಟವೆಲಿನಲ್ಲೇ ಮುಖ ಒರೆಸಿಕೊಳ್ಳುತ್ತಾನೆ. ಅಪ್ಪನಿಂದಲೇ ಹತ್ತಿತೇ? ಮತ್ತು ಅಪ್ಪ ಮುಂದಿನ ವಾರದಿಂದ ನೀರು ಹಾಯಿಸಲು ಹೋಗುತ್ತೇನೆ ಎನ್ನುತ್ತಿದ್ದಾರೆ, ಹೋಗಬಹುದೇ?

ಉತ್ತರ: ಚರ್ಮವೈದ್ಯ, ಬೆಳಗಾವಿ

ಅಪ್ಪನವರು ಚೇತರಿಸಿಕೊಳ್ಳುತ್ತಿರುವುದು ಓದಿ ತುಂಬಾ ಸಮಾಧಾನವಾಯಿತು.

ಸೆಲ್ಯುಲೈಟಿಸ್ ಚರ್ಮದ ಆಳದಲ್ಲಿರುವುದರಿಂದ ಒಬ್ಬರಿಂದ ಒಬ್ಬರಿಗೆ ಹಾಗೆ ಅಂಟುವುದಿಲ್ಲ, ಅಪ್ಪನನ್ನು ಮುಟ್ಟಲು ಯಾರೂ ಅಂಜಬೇಕಾಗಿಲ್ಲ. ಮಗುವಿನ ಹಕ್ಕಳೆ ಮಾತ್ರ ಅಂಟುವಂಥದ್ದು. ಅದು ಹೊರಪದರದ ಸೋಂಕು, ಹೆಸರು ಇಂಪೆಟಿಗೊ, ಹೆಚ್ಚಾಗಿ ಈ ವಯಸ್ಸಿನ ಮಕ್ಕಳಿಗೇ ಬರುತ್ತದೆ, ಅಂಗನವಾಡಿಯಿಂದಲೂ ಬಂದಿರಬಹುದು. ಸಾಬೂನು ಹಚ್ಚಿದ ಬೆಚ್ಚನೆಯ ನೀರಿನಿಂದ ಹಕ್ಕಳೆಗಳನ್ನು ನೆನೆಸಿ ಮೆಲ್ಲಗೆ ತೆಗೆದು, ಮಕ್ಕಳ ವೈದ್ಯರಿಗೆ ತೋರಿಸಿ. ಜಾಗ ಸ್ವಲ್ಪವೇ ಇದ್ದರೆ ಸಾಮಾನ್ಯವಾಗಿ ಮ್ಯುಪಿರೋಸಿನ್ ಮುಲಾಮು 5 ದಿನ ಹಚ್ಚಿದರೆ ಸಾಕಾಗುತ್ತದೆ, ಹೆಚ್ಚು ಕಡೆ ಇದ್ದರೆ ಬಾಯಿಂದ ಔಷಧಿ ಬೇಕಾಗುತ್ತದೆ. ಉಗುರು ಕತ್ತರಿಸಿ, ಅವನಿಗೆ ಬೇರೆ ಟವೆಲ್ ಇಟ್ಟು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ, ಚಿಕಿತ್ಸೆ ಶುರುವಾಗಿ ಒಂದು ದಿನ ಕಳೆಯುವವರೆಗೂ ಅಂಗನವಾಡಿಗೆ ಕಳಿಸಬೇಡಿ. ಸ್ಟ್ರೆಪ್ಟೊಕಾಕಸ್‌ನಿಂದಾದ ಚರ್ಮದ ಸೋಂಕು ವಾಸಿಯಾಗಿ ಕೆಲವು ವಾರಗಳ ಮೇಲೆ ಅಪರೂಪಕ್ಕೆ ಮೂತ್ರಪಿಂಡ ಊದಿಕೊಳ್ಳುವುದುಂಟು. ಆದ್ದರಿಂದ ಮುಂದಿನ ಆರು ವಾರ ಬೆಳಿಗ್ಗೆ ಎದ್ದಾಗ ಮಗುವಿನ ಕಣ್ಣಿನ ಸುತ್ತ ಬಾವು, ಅಥವಾ ಮೂತ್ರ ಕರಿಚಹಾದ ಬಣ್ಣಕ್ಕೆ ತಿರುಗುವುದು ಕಂಡರೆ ಅದೇ ದಿನ ವೈದ್ಯರಿಗೆ ತೋರಿಸಬೇಕು.

ಅಪ್ಪ ಮುಂದಿನ ವಾರ ಹೊಲಕ್ಕೆ ಹೋಗುವುದು ಬೇಡ. ಬೆರಳಸಂದಿಯ ಬಿರುಕು ಪೂರ್ತಿ ಕೂಡಿಕೊಂಡ ಮೇಲೆ ಮಾತ್ರ ಹೋಗಲಿ. ಅದಕ್ಕೆ ಕ್ಲೋಟ್ರಿಮಜೋಲ್ ಅಥವಾ ಟರ್ಬಿನಾಫಿನ್ ಮಾತ್ರವೇ ಇರುವ, ಸ್ಟಿರಾಯ್ಡ್ ಇಲ್ಲದ ಮುಲಾಮನ್ನು ನಿಮ್ಮ ವೈದ್ಯರು ಬರೆದಿದ್ದರೆ, ಕಣ್ಣಿಗೆ ವಾಸಿಯಾದಂತೆ ಕಂಡರೂ ಅವರು ಹೇಳಿದ ದಿನಗಳವರೆಗೆ ಹಚ್ಚಬೇಕು. ಆಮೇಲೆ ಹೋಗುವಾಗ ಮೊಣಕಾಲಿನವರೆಗಿನ ಗಮ್ ಬೂಟು, ಒಳಗೆ ಒಣಗಿದ ಹತ್ತಿಯ ಕಾಲುಚೀಲ ಇರಲಿ. ಬೂಟಿನೊಳಗೆ ನೀರು ಹೊಕ್ಕರೆ ಬರಿಗಾಲಿಗಿಂತ ಕೆಡುಕು, ಆದ್ದರಿಂದ ಇನ್ನೊಂದು ಜೊತೆ ಕಾಲುಚೀಲವನ್ನು ಬುತ್ತಿಗಂಟಿನ ಜೊತೆಗೆ ಕಟ್ಟಿಕೊಡಿ. ಮನೆಗೆ ಬಂದೊಡನೆ ಕಾಲು ತೊಳೆದು, ಹಳೆಯ ಮೆತ್ತನೆಯ ಧೋತರದ ತುಂಡಿನಿಂದ ಒಂದೊಂದೇ ಸಂದಿಯನ್ನು ಒರೆಸಿ ಒಣಗಿಸಬೇಕು. ಕಣ್ಣು ಮಂಜಾಗಿದ್ದರೆ ತಮ್ಮನವರು ವಾರಕ್ಕೆರಡು ಸಲ ಬ್ಯಾಟರಿ ಹಿಡಿದು ನೋಡಲಿ. ಚಳಿ ಹತ್ತಿತೆಂದರೆ ಕೆಂಪಾಗುವವರೆಗೆ ಕಾಯಬಾರದು. ಅಪ್ಪನಿಗೆ ಈ ಹಿಂದೆ ಚಳಿ ಮೊದಲು ಬಂದು ಕೆಂಪು ಮರುದಿನ ಕಂಡಿತ್ತು, ಮುಂದೆಯೂ ಅದೇ ಕ್ರಮದಲ್ಲಿ ಬರಬಹುದು.